ಎರಡಿಂಚು ಹೆಚ್ಚು

"ಗ್ಯಾಸ್ ಅಲ್ಲ ಡಾಕ್ಟ್ರೇ, ಬೇಕಾದ್ರೆ ಬರ್ದು ಕೊಡ್ತೀನಿ," ಎಂದಳು ಅಕ್ಕ.

ಹೊಲಿಗೆ ಅಂಗಡಿಯಿಂದ ಅಳತೆ ಟೇಪು ಕುತ್ತಿಗೆಯಲ್ಲಿದ್ದ ಹಾಗೇ ಆಸ್ಪತ್ರೆಗೆ ಓಡಿಬಂದಿದ್ದಳು. ಮಂಚದ ಮೇಲೆ ತಮ್ಮ, ಮುಖಕ್ಕೆ ಆಕ್ಸಿಜನ್ ಮಾಸ್ಕು, ಹಣೆ ತುಂಬ ತಣ್ಣನೆ ಬೆವರು. ಮೂರು ದಿನ ಸೀಟು ಬಿಟ್ಟೇಳದೆ ಲಾರಿ ಓಡಿಸಿ ಬಂದವನು ಬೆಳಿಗ್ಗೆ ಮನೆಯ ಮೆಟ್ಟಿಲ ಮೇಲೆ ಕುಸಿದಿದ್ದ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಮಾತ್ರೆ ಬರೆದುಕೊಟ್ಟಿದ್ದರು.

"ಈ ಪ್ಯಾಂಟು ಹೊಲಿದವಳು ನಾನೇ. ಎರಡೂ ಕಾಲು ಒಂದೇ ಅಳತೆ. ಈಗ ನೋಡಿ, ಎಡಗಾಲಿಗೆ ಹೆಂಗೆ ಬಿಗೀತಿದೆ!" ಅವನ ಎರಡೂ ಮೀನಖಂಡಕ್ಕೆ ಒಂದಾದ ಮೇಲೊಂದು ಟೇಪು ಸುತ್ತಿದಳು. "ಬಲಗಾಲಿಗಿಂತ ಎರಡಿಂಚು ಹೆಚ್ಚು."

ಡಾಕ್ಟರಮ್ಮ ಕಾಲನ್ನು ಒತ್ತಿ ನೋಡಿ, ಕೂಡಲೇ ಸ್ಕ್ಯಾನ್ ಯಂತ್ರ ತರಿಸಿದರು. ಪರದೆಯಲ್ಲಿ ಹೃದಯದ ಬಲಭಾಗ ಬಲೂನಿನಂತೆ ಉಬ್ಬಿಕೊಂಡಿತ್ತು.

"ನೀವು ಹೇಳಿದ್ದೇ ಸರಿ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಡ್ಡ ಕೂತಿದೆ. ಕರಗಿಸೋ ಔಷಧಿ ಇದೆ. ಆದ್ರೆ ನೂರರಲ್ಲಿ ಇಬ್ಬರು ಮೂವರಿಗೆ ಮಿದುಳಲ್ಲಿ ರಕ್ತ ಸೋರಬಹುದು."

"ಕೊಡದಿದ್ರೆ?"

"ಬಿಪಿ ಬೀಳ್ತಾ ಇದೆ. ಸಂಜೆವರೆಗೆ ತಡೆಯೋದು ಕಷ್ಟ."

ಎಷ್ಟೋ ಸಾವಿರ ಬಟ್ಟೆಗೆ ಹೆದರದೆ ಕತ್ತರಿ ಹಾಕಿದ ಕೈ ಒಪ್ಪಿಗೆ ಪತ್ರದ ಮೇಲೆ ಪೆನ್ನು ಹಿಡಿದು ಅಲ್ಲೇ ನಿಂತಿತು. ತಮ್ಮ ಮಾಸ್ಕು ಸರಿಸಿದ. "ಅಕ್ಕಾ... ಹಾಕು... ಸೈನು." ಮೂರು ಪದಕ್ಕೆ ಮೂರು ಉಸಿರು ಬೇಕಾಯಿತು. ಅವಳು ಹಾಕಿದಳು.

ಔಷಧಿ ಹನಿಯತೊಡಗಿತು. ಮಿದುಳಿಗೇನಾದರೂ ಆಗಿದೆಯೇ ಎಂದು ನರ್ಸಮ್ಮ ಕಾಲುಗಂಟೆಗೊಮ್ಮೆ ಬಂದು ಕೈ ಎತ್ತಿಸಿ, ಹಲ್ಲು ಕಿರಿಸಿ ನೋಡುತ್ತಿದ್ದಳು. ಒಮ್ಮೆ ಹಲ್ಲುಗಳ ಮೇಲೆ ರಕ್ತ ಕಂಡು ಅಕ್ಕನ ಜೀವ ಬಾಯಿಗೆ ಬಂತು.

"ಒಸಡಷ್ಟೇ. ಗಾಬರಿಯಾಗ್ಬೇಡಿ," ಎಂದು ನರ್ಸಮ್ಮ ಒರೆಸಿದಳು.

ಅಕ್ಕ ಗೋಡೆಗೊರಗಿ ನಿಂತೇ ಇದ್ದಳು. ಮಾನಿಟರಿನಲ್ಲಿ ಎಪ್ಪತ್ತು ಇದ್ದ ಬಿಪಿ ಎಂಬತ್ನಾಲ್ಕಾಯಿತು. ಸುಮಾರು ಹೊತ್ತು ಅಲ್ಲೇ ಹಟ ಹಿಡಿದು ಕೂತಿತು. ಆಮೇಲೆ ತೊಂಬತ್ತೆಂಟು. ನೂರಾಹತ್ತು. ತಮ್ಮನ ತುಟಿಯ ನೀಲಿ ಯಾವಾಗ ಹೋಯಿತೋ ಅವಳಿಗೆ ಗೊತ್ತಾಗಲೇ ಇಲ್ಲ.

"ಗೆದ್ದ ಕಣ್ರೀ ನಿಮ್ ತಮ್ಮ!" ಡಾಕ್ಟರಮ್ಮ ಸ್ಟೆತಸ್ಕೋಪು ತೆಗೆದು ನಕ್ಕರು. "ಆ ಟೇಪು ನಮಗೇ ಬಿಟ್ಟು ಹೋಗಿ."

ತಮ್ಮ ಕಣ್ಣು ಬಿಟ್ಟ. "ಏನಕ್ಕಾ, ನಾನೇನು ಎದ್ದು ಓಡಿಹೋಗ್ತೀನಾ ಹಿಂಗೆ ಕಾವಲು ನಿಂತಿದ್ದೀಯ, ಮೊದ್ಲು ಹೋಗಿ ಹೊಟ್ಟೆಗೇನಾದ್ರೂ ಹಾಕ್ಕೊಂಡು ಬಾ!"

ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿಗೆ ಹೇಳಿದ್ದ.

"ಬೈಯೋ, ಇನ್ನೊಂದಷ್ಟು ಬೈಯಿ," ಎಂದಳು ಅಕ್ಕ. ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ನರ್ಸಮ್ಮ ಆಕ್ಸಿಜನ್ನಿನ ತಿರುಪನ್ನು ಒಂದು ಸುತ್ತು ಇಳಿಸಿದಳು. ಬುಸುಗುಡುವ ಸದ್ದು ಸಣ್ಣದಾಗಿ, ಕಿಟಕಿಯಾಚೆಯ ಮಧ್ಯಾಹ್ನದ ಬೀದಿ ಕೇಳಿಸತೊಡಗಿತು.