ನೀಲಿ ಮುಚ್ಚಳ, ಕೆಂಪು ಮುಚ್ಚಳ

ಚಳಿ ಹಿಂದೆಗೆದು ಬಿಸಿಲು ಇನ್ನೂ ಚುರುಕಾಗದ ದಿನಗಳು, ಬೆಳಗಿನ ಏಳೂವರೆ. ಸೀಸೆರಾಯರು ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಫೋನಿನಲ್ಲಿ ಕೂಗುತ್ತಿದ್ದರು.

"ಮುಂದಿನ ವಾರ ಅನ್ಬೇಡಿ ಡಾಕ್ಟ್ರೇ! ನಾಲ್ಕು ಗಂಟೆಗೆ ಗಾಡಿ ಬರುತ್ತೆ. ಅಷ್ಟರೊಳಗೆ ಅವಳಿಗೆ ಗೊತ್ತಾಗ್ಬೇಕು."

ಆ ಕಡೆಯಿಂದ ದೊಡ್ಡ ಡಾಕ್ಟರು ಏನೋ ಸಮಾಧಾನ ಹೇಳಿದರು.

"ಸಮಾಧಾನ ನಾಲ್ಕರ ಮೇಲೆ ಮಾಡ್ಕೋತೀನಿ. ಕೊನೇ ಪೇಷೆಂಟಿಂದು ಹೋದ ವಾರವೇ ಮುಗೀತಲ್ಲ? ಇವತ್ತೇ ಲೆಕ್ಕ ಹಾಕ್ಸಿ."

ನಡುಮನೆಯಲ್ಲಿ ಹೆಂಡತಿ ಬಿಳಿ ಹೊದಿಕೆಯೊಳಗೆ ಮಲಗಿದ್ದಳು. ಅವಳ ತಂಗಿ ಬಾಗಿಲಿಗೆ ಬಂದು ನಿಂತಳು.

"ಭಾವ, ಅಕ್ಕನ್ನ ಹೀಗೆ ಮಲಗಿಸ್ಕೊಂಡು ಲೆಕ್ಕ ಗಿಕ್ಕ ಅಂತೀರಲ್ಲ, ಜನ ಏನಂದಾರು?"

"ಜನ ಹಾಗಿರಲಿ. ನಿಮ್ಮಕ್ಕ ಏನಂದಾಳು ಹೇಳು?"

"ಇನ್ನೂ ಯಾಕೆ ತಡ ಅಂತ ಬೈತಾಳೆ," ಎಂದು ನಾದಿನಿ ಕಣ್ಣೊರೆಸಿಕೊಂಡಳು. "ಮೊದಲು ಆ ಬೂಟು ಹಾಕ್ಕೊಳ್ಳಿ."

* * *

ಕ್ಯಾನ್ಸರ್ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಮೂವತ್ತು ವರ್ಷ ಸೀಸೆ ತುಂಬಿದವರು ರಾಯರು. ಹೆಂಡತಿ ಅಲ್ಲೇ ನರ್ಸು. ರೋಗಿಗಳ ಬಾಯಿಗೆ ಟಾರ್ಚು ಬಿಟ್ಟು ಹುಣ್ಣು ಎಣಿಸುತ್ತಿದ್ದಳಾದ್ದರಿಂದ ವಾರ್ಡಿಗೆಲ್ಲ ಟಾರ್ಚಕ್ಕ.

ಏಳು ವರ್ಷದ ಹಿಂದೆ ಒಬ್ಬ ಲಾರಿ ಡ್ರೈವರಿಗೆ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದರು. ಗಡ್ಡೆ ಕರಗುತ್ತಿತ್ತು. ಬಾಯಿ ಮಾತ್ರ ಹುಣ್ಣೆದ್ದು ಕೆಂಡವಾಗಿತ್ತು. "ಒಂದು ಗುಟುಕು ನೀರು ಇಳೀತಿಲ್ಲಕ್ಕ. ಸಾಕು," ಎಂದು ಕೈಮುಗಿದು ಅರ್ಧಕ್ಕೇ ಎದ್ದು ಹೋದವನು ಮತ್ತೆ ಬರಲಿಲ್ಲ. ಆ ದಿನ ಟಾರ್ಚಕ್ಕ ಊಟ ಮಾಡಲಿಲ್ಲ.

"ಗಡ್ಡೆಗೆ ಸೋಲಲಿಲ್ಲ ರೀ ಅವನು. ಬಾಯಿಹುಣ್ಣಿಗೆ ಸೋತ. ಇದಕ್ಕೇನಾದ್ರೂ ಮಾಡಿ."

ದೊಡ್ಡ ಡಾಕ್ಟರ ತಲೆ ತಿಂದು ಬಾಯಿ ಮುಕ್ಕಳಿಸುವ ಔಷಧಿಯೊಂದನ್ನು ಪರೀಕ್ಷೆಗೆ ಹಚ್ಚಿಸಿದಳು. ಎರಡು ಥರದ ಸೀಸೆ: ನೀಲಿ ಮುಚ್ಚಳದ್ದು, ಕೆಂಪು ಮುಚ್ಚಳದ್ದು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಅದೇ ಬಣ್ಣ ಅದೇ ರುಚಿಯ ಬರೀ ನೀರು. ಯಾವುದು ಯಾವುದೆಂದು ತುಂಬುವ ರಾಯರೊಬ್ಬರಿಗೇ ಗೊತ್ತು. ಯಾರ ಬಾಯಲ್ಲಿ ಎಷ್ಟು ಹುಣ್ಣೆಂದು ಟಾರ್ಚಕ್ಕನಿಗೆ ಗೊತ್ತು. ಯಾರಿಗೆ ಯಾವ ಮುಚ್ಚಳ ಎನ್ನುವುದು ಅವಳ ಕಿವಿಗೆ ಬೀಳುವಂತಿಲ್ಲ. ಬಿದ್ದರೆ ಕಣ್ಣು ಒಂದು ಕಡೆಗೆ ವಾಲುತ್ತದೆ. "ಬಣ್ಣ ಬಾಯಿಬಿಟ್ರೆ ನಾನು ಬಾಯಿ ನೋಡಲ್ಲ," ಎಂದು ರೋಗಿಗಳನ್ನು ಗದರುತ್ತಿದ್ದಳು.

ಹೀಗೆ ಗುಟ್ಟಿನ ಒಂದೊಂದು ಹೋಳು ಇಟ್ಟುಕೊಂಡು ಗಂಡ ಹೆಂಡತಿ ಆರು ವರ್ಷ ಒಂದೇ ಮೇಜಿನಲ್ಲಿ ಉಂಡರು. ಒಂದು ದಿನ ರಾಯರು ಮೈಮರೆತು ನೀಲಿ ಅಂಗಿ ತೊಟ್ಟರು.

"ಏನ್ರೀ, ಸುಳಿವು ಕೊಡ್ತಿದ್ದೀರಾ? ಬಿಚ್ಚಿ!"

"ಅಯ್ಯೋ ಮಾರಾಯ್ತಿ, ಬೇರೆ ಅಂಗಿ ಒಗೆಯೋಕೆ ಹಾಕಿದೀಯ."

"ಒದ್ದೇದೇ ಹಾಕ್ಕೊಳ್ಳಿ!"

ಒದ್ದೆ ಅಂಗಿಯಲ್ಲೇ ಹೋಗಿ ವಾರವಿಡೀ ಸೀನಿದರು.

* * *

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಅವಳು ಬಾಯಿ ನೋಡಿದವರೇ ಅರವತ್ತು ಎಪ್ಪತ್ತು ಜನ.

"ನಂದು ಕೆಂಪು," ಎಂದ ಅವರಲ್ಲೊಬ್ಬ ದರ್ಜಿ, ಪಕ್ಕದವನಿಗೆ.

"ಶ್! ಅಕ್ಕನ ಕಿವಿಗೆ ಬಿದ್ದೀತು," ಎಂದಳು ಇನ್ನೊಬ್ಬ ಟೀಚರಮ್ಮ. ಮೂವರಿಗೂ ನಗು ಬಂತು, ಮೂವರೂ ಅತ್ತರು.

ರಾಯರು ಗಡಿಯಾರದ ಕೆಳಗೆ ಕುಳಿತಿದ್ದರು. ಮಂಗಳವಾರ ಆಂಬುಲೆನ್ಸಿನಲ್ಲಿ ಅವಳ ಕೈ ತಣ್ಣಗಾಗುತ್ತಿದ್ದಾಗ ಬಗ್ಗಿ ಕೇಳಿದ್ದರು: "ಹೇಳಿಬಿಡ್ಲೇನೇ?" ಉಸಿರಿಗೆ ಒದ್ದಾಡುತ್ತಿದ್ದರೂ ಅವಳು ಬೇಡವೆಂದು ತಲೆ ಆಡಿಸಿದ್ದಳು. "ಲೆಕ್ಕ ಮುಗೀಲಿ ರೀ." ಇವರು ಹೇಳಲಿಲ್ಲ, ಅವಳು ಉಳಿಯಲಿಲ್ಲ. ಎರಡು ದಿನದಿಂದ ಎದೆಯಲ್ಲಿ ಮುಳ್ಳಾಡುತ್ತಿದ್ದುದು ಅದೇ.

ಮೂರು ಗಂಟೆ. ಮೂರೂಕಾಲು. ಮೂರೂವರೆಗೇ ಗಾಡಿ ಬಂದು ನಿಂತಿತು. ನಾದಿನಿ ಹೊರಗೆ ಹೋಗಿ ಡ್ರೈವರಿಗೆ, "ನಾಲ್ಕು ಅಂದ್ರೆ ನಾಲ್ಕೇ! ಅದಕ್ಕೆ ಮೊದಲು ಬಾಗಿಲು ತೆಗೆದೀಯ, ನೋಡ್ಕೋ," ಎಂದು ಬೆರಳಾಡಿಸಿ ಬಂದಳು.

ಆಗ ಬೀದಿಯ ತುದಿಯಲ್ಲಿ ಕಂಡಳು ಆಸ್ಪತ್ರೆಯ ಲೆಕ್ಕದ ಹುಡುಗಿ. ಚಪ್ಪಲಿ ಕೈಯಲ್ಲಿ, ಕಾಗದ ಕಂಕುಳಲ್ಲಿ, ಒಂದೇ ಓಟ. ಜನ ದಾರಿ ಬಿಟ್ಟರು.

"ರಾಯರೇ! ದೊಡ್ಡ ಡಾಕ್ಟರು ಸಹಿ ಹಾಕಿದ್ರು, ಇನ್ನು ಒಂದಂಕಿಯೂ ಬದಲಾಗಲ್ಲ," ಎಂದು ಏದುಸಿರು ಬಿಟ್ಟಳು. "ನೀಲಿಯವರಿಗೆ ಹುಣ್ಣು ಅರ್ಧಕ್ಕರ್ಧ ಕಮ್ಮಿ. ಕರೆಂಟು ಅರ್ಧಕ್ಕೆ ಬಿಟ್ಟು ಹೋದವರು ಕೆಂಪಲ್ಲಿ ಹತ್ತೊಂಬತ್ತು, ನೀಲೀಲಿ ಮೂರೇ ಮೂರು! ಹೇಳಿ, ನೀಲೀಲಿ ಏನಿತ್ತು?"

ನೀಲಿಯಲ್ಲಿದ್ದುದು ಬರೀ ನೀರಾಗಿದ್ದರೆ ಆರು ವರ್ಷ ಮಣ್ಣುಪಾಲು.

ರಾಯರು ಗೋಡೆ ಹಿಡಿದು ಎದ್ದು, ಜನರನ್ನು ದಾಟಿ, ಹೆಂಡತಿಯ ಮಂಚದ ಪಕ್ಕ ಮೊಣಕಾಲೂರಿ ಅವಳ ಕಿವಿಗೆ ಬಾಯಿಟ್ಟರು. ಪಿಸುಗುಟ್ಟಬೇಕೆಂದಿದ್ದರು. ಆರು ವರ್ಷ ಅದುಮಿಟ್ಟ ಮಾತು, ಗಾಡಿಯ ಡ್ರೈವರಿಗೂ ಕೇಳಿಸುವಷ್ಟು ಜೋರಾಗಿ ಬಂತು.

"ಔಷಧಿ ಕಣೇ! ನೀಲೀಲಿ ಇದ್ದಿದ್ದು ನಮ್ಮ ಔಷಧಿ ಕಣೇ!"

ಮನೆ ಎದ್ದು ನಿಂತಿತು. ಟೀಚರಮ್ಮ ನಾದಿನಿಯನ್ನು ತಬ್ಬಿಕೊಂಡಳು. ಯಾರೋ ಚಪ್ಪಾಳೆ ತಟ್ಟಿ, ಸಾವಿನ ಮನೆಯೆಂದು ನೆನಪಾಗಿ ಕೈ ಬಚ್ಚಿಟ್ಟುಕೊಂಡರು.

"ತಟ್ಟಿ, ತಟ್ಟಿ," ಎಂದಳು ನಾದಿನಿಯೇ.

"ಅಂದ್ರೆ ನಾನು ಆರು ವಾರ ಬರೀ ನೀರು ಮುಕ್ಕಳಿಸಿದ್ನಾ?" ದರ್ಜಿ ಸೊಂಟದ ಮೇಲೆ ಕೈಯಿಟ್ಟ. "ಆ ಉರಿಯಲ್ಲಿ ನಿಮಗೆ ದಿನಾ ಥ್ಯಾಂಕ್ಸ್ ಬೇರೆ ಹೇಳಿದೀನಲ್ಲ ರಾಯರೇ!"

"ಬೈಯಪ್ಪ," ಎಂದರು ರಾಯರು, ಅಳುತ್ತ ನಗುತ್ತ. "ಎಷ್ಟು ಬೇಕಾದ್ರೂ ಬೈ."

"ಬೈತೀನಿ, ನಾಳೆ," ಎಂದು ದರ್ಜಿ ಅವರ ರಟ್ಟೆ ಹಿಡಿದು ಎಬ್ಬಿಸಿದ.

ಲೆಕ್ಕದ ಹುಡುಗಿ ಕೊನೆಯ ಕಾಗದ ತೆಗೆದಳು. ಗುಟ್ಟು ಒಡೆದವರು, ಮೊದಲು ಕೇಳಿಸಿಕೊಂಡವರು, ದಿನ, ಹೊತ್ತು ಎಲ್ಲ ಅದರಲ್ಲಿ ತುಂಬಬೇಕು. ಕಾಗದವನ್ನು ಮಂಚದ ಅಂಚಿಗೆ ಒರಗಿಸಿ ಒಂದು ಗಳಿಗೆ ಪೆನ್ನು ಹಿಡಿದು ನಿಂತಳು. ಆಮೇಲೆ 'ಮೊದಲು ಕೇಳಿಸಿಕೊಂಡವರು' ಎಂಬುದರ ಮುಂದೆ ದುಂಡಗೆ ಬರೆದಳು: ಟಾರ್ಚಕ್ಕ. ಗುರುವಾರ, ಮೂರು ಗಂಟೆ ನಲವತ್ತೆಂಟು ನಿಮಿಷ.

ನಾಲ್ಕಕ್ಕೆ ಸರಿಯಾಗಿ ಗಾಡಿ ಅವಳನ್ನು ಕರೆದುಕೊಂಡು ಹೊರಟಿತು.