ಸ್ಟೆಪ್ನಿ ಸೆಲ್ಯೂಟ್ ಹೊಡೆಯುವುದನ್ನು ಬಿಟ್ಟ

ಗಂಡ ನಿವೃತ್ತನಾಗಿ ಮನೆಯಲ್ಲಿ ಕೂತರೆ ಹೆಂಡತಿಗೆ ಕೆಲಸ ಜಾಸ್ತಿ. ಇದು ಟೈಲರಕ್ಕನ ಅಭಿಪ್ರಾಯ. ಅವಳ ಗಂಡ ಡ್ರೈವರಣ್ಣ ಇದನ್ನು ಒಪ್ಪುವುದಿಲ್ಲ.

ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಡ್ರೈವರಣ್ಣ ನಿವೃತ್ತನಾದ ದಿನ, ಅವನ ಬಸ್ಸಿನ ಕಂಡಕ್ಟರು ಒಂದು ಗಾಜಿನ ತೊಟ್ಟಿ ತಂದುಕೊಟ್ಟಿದ್ದ. ಕಂಡಕ್ಟರು ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದ. ತೊಟ್ಟಿಯಲ್ಲಿ ಎರಡು ಪುಟ್ಟ ಕಪ್ಪೆಗಳು. ಹಸಿರು ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ, ಹೊಟ್ಟೆ ಮಾತ್ರ ಕೆಂಡದ ಬಣ್ಣ. ಅದಕ್ಕೇ ಅವುಗಳನ್ನು ಬೆಂಕಿಹೊಟ್ಟೆ ಕಪ್ಪೆ ಎನ್ನುತ್ತಾರೆ.

"ಮಾತಾಡೋಕೆ ಇನ್ಮೇಲೆ ನಾನಿರಲ್ಲ, ಇವಿರ್ತಾವೆ" ಎಂದಿದ್ದ ಕಂಡಕ್ಟರು. ಹೇಗೆ ಸಾಕಬೇಕೆಂದು ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದ. ಡ್ರೈವರಣ್ಣ ಅದನ್ನು ಜೋಪಾನವಾಗಿ ಮಡಚಿ ಎಲ್ಲೋ ಇಟ್ಟ. ಎಲ್ಲಿ ಎಂದು ಮಾತ್ರ ಕೇಳಬೇಡಿ.

ಸಂಜೆಯಾದರೆ ಸಣ್ಣಗೆ ಕೂಗುತ್ತಿದ್ದ ದೊಡ್ಡ ಕಪ್ಪೆಗೆ ಅವನು ಕಂಡಕ್ಟರ್ ಎಂದೇ ಹೆಸರಿಟ್ಟ. ಬಸ್ಸಿನ ಹೆಚ್ಚುವರಿ ಟೈರಿನಂತೆ ಗುಂಡಗೆ, ಸುಮ್ಮನೆ ಒಂದು ಮೂಲೆಯಲ್ಲಿ ಬಿದ್ದಿರುವ ಚಿಕ್ಕದು ಸ್ಟೆಪ್ನಿ. ಟೈಲರಕ್ಕ ಬಟ್ಟೆ ಹೊಲಿಯುವ ಮುಂದಿನ ಕೋಣೆಯ ಕಿಟಕಿಯಲ್ಲೇ ತೊಟ್ಟಿ ಇಟ್ಟ. ಪಾಪ, ಅವಕ್ಕೂ ರಸ್ತೆ ಕಾಣಲಿ ಎಂದು.

ಬೆಳಿಗ್ಗೆ ಎದ್ದವನು ತನ್ನ ಹಲ್ಲು ಉಜ್ಜುವ ಮೊದಲು ತೊಟ್ಟಿಯ ಗಾಜು ಉಜ್ಜುತ್ತಿದ್ದ. ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ ಅದೇ ಸೋಪಿನ ನೀರು, ಅದೇ ಬಟ್ಟೆ. ಹೊರಗೆ ಮೂರು ಸಲ, ಒಳಗೆ ಮೂರು ಸಲ. ಆಮೇಲೆ ನಲ್ಲಿಯಿಂದ ಹೊಸ ನೀರು. ಗಾಜು ಮಂಕಾಗಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಗಿರಾಕಿಗಳು ಬಂದರೆ ಸ್ಟೆಪ್ನಿಯ ಆಟ ಶುರು. ಡ್ರೈವರಣ್ಣ ಅವನನ್ನು ಅಂಗೈ ಮೇಲೆ ಕೂರಿಸಿಕೊಂಡು ಬೆನ್ನಿಗೆ ಬೆರಳಿನಿಂದ ತಟ್ಟುತ್ತಿದ್ದ. ಸ್ಟೆಪ್ನಿ ಮೈಯನ್ನು ಬಿಲ್ಲಿನಂತೆ ಬಾಗಿಸಿ, ಕೈಕಾಲು ಮೇಲೆತ್ತಿ, ಕೆಂಪು ಬಣ್ಣ ತೋರಿಸಿ ಅಲ್ಲಾಡದೆ ನಿಲ್ಲುತ್ತಿದ್ದ.

"ನೋಡಿ, ನಂಗೆ ಸೆಲ್ಯೂಟ್ ಹೊಡೀತಾನೆ" ಎನ್ನುವಾಗ ಡ್ರೈವರಣ್ಣನ ಎದೆ ಉಬ್ಬುತ್ತಿತ್ತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವನಿಗೆ ಒಬ್ಬರೂ ಸೆಲ್ಯೂಟ್ ಹೊಡೆದಿರಲಿಲ್ಲ.

ಎಲ್ಲವೂ ಚೆನ್ನಾಗಿತ್ತು ಎನ್ನುವಷ್ಟರಲ್ಲಿ ಸ್ಟೆಪ್ನಿ ಊಟ ಬಿಟ್ಟ. ಒಂದಲ್ಲ ಎರಡಲ್ಲ, ಎಂಟು ದಿನ. ಹಾಕಿದ ಮಿಡತೆ ಅವನ ಬೆನ್ನ ಮೇಲೆಯೇ ನಡೆದು ಹೋದರೂ ಬಾಯಿ ತೆರೆಯಲಿಲ್ಲ. ಡ್ರೈವರಣ್ಣನ ಮುಖವೂ ಸಣ್ಣದಾಯಿತು. ಇದರ ನಡುವೆ, ಶುಕ್ರವಾರ ಸೆಲ್ಯೂಟ್ ಮುಗಿಸಿ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ. ಕಣ್ಣು ಕೆಂಪಗಾಗಿ ಊದಿಕೊಂಡಿತು.

ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. "ರೀ, ಸಾಕು. ಆ ಚಿಕ್ಕದು ಸಾಯೋ ಹಾಗಿದೆ, ಅದರ ವಿಷ ನಿಮ್ಮ ಕಣ್ಣು ತೆಗೆಯೋ ಹಾಗಿದೆ. ಭಾನುವಾರ ಎರಡನ್ನೂ ಡಿಪೋ ಹಿಂದಿನ ಹೊಂಡಕ್ಕೆ ಬಿಟ್ಟು ಬನ್ನಿ."

"ಅಲ್ಲ ಕಣೆ, ಸ್ನೇಹಿತ ನಂಬಿ ಕೊಟ್ಟಿದ್ದು..."

"ನೀರಿನ ಪ್ರಾಣಿ ನೀರಿಗೆ ಹೋಗುತ್ತೆ. ಅದರಲ್ಲೇನಿದೆ?"

ಡ್ರೈವರಣ್ಣ ಊದಿದ ಕಣ್ಣಿಗೆ ತಣ್ಣೀರು ಹಾಕಿಕೊಳ್ಳಲು ಎದ್ದು ಹೋದ.

ಶನಿವಾರ ಮಧ್ಯಾಹ್ನ ಪ್ರಾಣಿಗಳ ಆಸ್ಪತ್ರೆಯ ನರ್ಸಮ್ಮ ತನ್ನ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಟೈಲರಕ್ಕ ಅಳತೆ ತೆಗೆಯುತ್ತಿರುವಾಗ, ಇದೇ ಕೊನೆಯ ಸಲ ಎಂದುಕೊಂಡು ಡ್ರೈವರಣ್ಣ ಸ್ಟೆಪ್ನಿಯನ್ನು ಎತ್ತಿಕೊಂಡ.

"ನರ್ಸಮ್ಮ, ಇವನ ಸೆಲ್ಯೂಟ್ ನೋಡಿ."

ಸ್ಟೆಪ್ನಿ ಬಾಗಿದ. ನರ್ಸಮ್ಮನ ನಗು ಮಾಯವಾಯಿತು.

"ಅಣ್ಣಾ, ಮೊದಲು ಅವನನ್ನ ಒಳಗೆ ಬಿಡಿ. ಅದು ಸೆಲ್ಯೂಟ್ ಅಲ್ಲ. ಇನ್ನೇನು ನನ್ನ ಪ್ರಾಣ ಹೋಗುತ್ತೆ ಅಂತ ಹೆದರಿದಾಗ ಹಾಗೆ ಮಾಡ್ತಾವೆ. ನನ್ನ ಮೈಯಲ್ಲಿ ವಿಷ ಇದೆ, ತಿನ್ನಬೇಡ ಅಂತ ಬಣ್ಣ ತೋರಿಸ್ತಾವೆ."

ಡ್ರೈವರಣ್ಣ ಸ್ಟೆಪ್ನಿಯನ್ನು ತೊಟ್ಟಿಯೊಳಗಿನ ಕಲ್ಲಿನ ಮೇಲೆ ಇಳಿಸಿದ. "ದಿನಕ್ಕೆ ನಾಲ್ಕೈದು ಸಲ ಮಾಡಿಸ್ತಿದ್ದೆ" ಎಂದ ಮೆಲ್ಲಗೆ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂಕಟವಾಯಿತು.

"ವಿಷ ಅಂತ ನಾನು ಹೇಳಿರಲಿಲ್ವಾ?" ಎಂದಳು ಟೈಲರಕ್ಕ.

"ಇದೆ ಅಕ್ಕ, ಸ್ವಲ್ಪ. ಮುಟ್ಟಿದ ಕೈ ಕಣ್ಣಿಗೆ, ಬಾಯಿಗೆ ಹೋದ್ರೆ ಉರಿಯುತ್ತೆ. ಕೈ ತೊಳೆದ್ರೆ ಆಯ್ತು. ನಿಮ್ಮ ಕತ್ತರಿನೂ ಹಾಗೇ ಅಲ್ವಾ? ಹಿಡಿಯೋ ರೀತಿ ಹಿಡಿದ್ರೆ ಏನೂ ಮಾಡಲ್ಲ." ನರ್ಸಮ್ಮ ಬಗ್ಗಿ ತೊಟ್ಟಿಯ ವಾಸನೆ ನೋಡಿದಳು. "ಅಣ್ಣಾ, ಇವನು ನೀರಿಗೆ ಇಳೀತಾನಾ?"

"ಇಲ್ಲ. ಎಂಟು ದಿನದಿಂದ ಕಲ್ಲಿನ ಮೇಲೇ ಇದ್ದಾನೆ."

"ಗಾಜಿಗೆ ಏನು ಹಚ್ತೀರಿ?"

ಡ್ರೈವರಣ್ಣ ಸೋಪಿನ ನೀರಿನ ಕತೆ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ.

"ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ ಅಣ್ಣಾ, ಚರ್ಮದಿಂದ ಕುಡಿಯುತ್ತೆ. ನೀವು ಹಚ್ಚಿದ ಸೋಪು, ನಲ್ಲಿ ನೀರಿಗೆ ಹಾಕಿರೋ ಕ್ಲೋರಿನ್, ಎಲ್ಲಾ ಅವನ ಮೈಯೊಳಗೆ ಹೋಗ್ತಿದೆ."

"ಅಂದ್ರೆ ಡೀಸೆಲ್ ಟ್ಯಾಂಕಿಗೆ ನಾನೇ ಸೋಪು ಸುರಿದ ಹಾಗಾಯ್ತು."

"ಹೂಂ. ಜೊತೆಗೆ ಕಿಟಕಿ ಬಿಸಿಲು ಬೇರೆ. ಇವಕ್ಕೆ ತಂಪು ಬೇಕು."

"ಅಷ್ಟೆಲ್ಲ ಕಷ್ಟ ಯಾಕೆ?" ಎಂದಳು ಟೈಲರಕ್ಕ. "ನಾಳೆ ಹೇಗೂ ಹೊಂಡಕ್ಕೆ ಬಿಡ್ತಾರೆ."

ನರ್ಸಮ್ಮ ತಲೆ ಅಲ್ಲಾಡಿಸಿದಳು. "ಬೇಡಕ್ಕ. ಇವು ಈ ಕಡೆಯವಲ್ಲ. ಅಲ್ಲಿ ಇವೇ ಸಾಯಬಹುದು. ಇಲ್ಲಾ ಇವುಗಳ ಮೈಮೇಲೆ ಯಾವುದೋ ರೋಗ ಇರಬಹುದು, ಹೊರಗೆ ಕಾಣಲ್ಲ. ಅದು ಹೊಂಡದ ಕಪ್ಪೆಗಳಿಗೆ ಹತ್ತಿದ್ರೆ ಒಂದೂ ಉಳಿಯದೆ ಹೋಗಬಹುದು."

ಟೈಲರಕ್ಕ ಯೋಚಿಸಿದಳು. "ಆಮೇಲೆ ಸೊಳ್ಳೆನ ಯಾರು ತಿಂತಾರೆ?"

"ಅದೇ ನಾನು ಹೇಳೋದು. ಹತ್ತು ದಿನ ನಾನು ಹೇಳಿದ ಹಾಗೆ ನೋಡಿಕೊಳ್ಳಿ. ಎರಡು ದಿನಕ್ಕೊಮ್ಮೆ ಬಂದು ನೋಡ್ತೀನಿ. ಅವನ ಸ್ಥಿತಿ ಕೆಟ್ಟರೆ ಕಾಯಬೇಡಿ, ಡಾಕ್ಟರ ಹತ್ತಿರ ಕರ್ಕೊಂಡು ಬನ್ನಿ. ಸಾಕೋಕೆ ಆಗಲ್ಲ ಅಂದ್ರೆ ನನಗೇ ಕೊಡಿ."

ಅಂದೇ ತೊಟ್ಟಿ ಕಿಟಕಿಯಿಂದ ಇಳಿದು ಬಟ್ಟೆಯ ಕಪಾಟಿನ ಪಕ್ಕದ ತಂಪು ಮೂಲೆಗೆ ಬಂತು. ಡ್ರೈವರಣ್ಣ ಕಪ್ಪೆಗಳನ್ನು ಬೇರೆ ಡಬ್ಬಿಗೆ ಬಿಟ್ಟು, ಸೋಪಿಲ್ಲದೆ ಬರೀ ಬಿಸಿನೀರಿನಲ್ಲಿ ಅದನ್ನು ಮತ್ತೆ ಮತ್ತೆ ತೊಳೆದು ಆರಿಸಿದ. ಮೀನಿನ ಅಂಗಡಿಯಿಂದ ಕ್ಲೋರಿನ್ ತೆಗೆಯುವ ಔಷಧಿ ತಂದು, ಅದನ್ನು ಬೆರೆಸಿದ ನೀರನ್ನೇ ತುಂಬಿದ. ಅರ್ಧ ನೀರು, ಅರ್ಧ ಕಲ್ಲು ಮತ್ತು ಪಾಚಿ, ಬಚ್ಚಿಟ್ಟುಕೊಳ್ಳಲು ಒಂದು ಒಡೆದ ಮಡಕೆಯ ಚೂರು. ಮಿಡತೆಗಳಿಗೆ ನರ್ಸಮ್ಮ ಕೊಟ್ಟ ಕ್ಯಾಲ್ಸಿಯಂ ಪುಡಿ ಸವರಿ ಹಾಕಿದ. ಕೈ ಹಾಕುವ ಮೊದಲು ಬರೀ ನೀರಿನಲ್ಲಿ ತೊಳೆದ, ತೆಗೆದ ಮೇಲೆ ಸೋಪು ಹಚ್ಚಿ ತೊಳೆದ. ಆಮೇಲೆ ಕಪ್ಪೆಗಳನ್ನು ಮಾತ್ರ ಮತ್ತೆ ಎತ್ತಲಿಲ್ಲ. ಇದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

ಭಾನುವಾರ ಕಳೆಯಿತು. ಹೊಂಡದ ಮಾತನ್ನು ಯಾರೂ ಎತ್ತಲಿಲ್ಲ. ಸೋಮವಾರ ಸ್ಟೆಪ್ನಿ ಒಂದು ಕಾಲನ್ನು ನೀರಿಗಿಟ್ಟು ತೆಗೆದ. ಮಂಗಳವಾರ ಪೂರ್ತಿ ಇಳಿದ. ಬುಧವಾರ ಡ್ರೈವರಣ್ಣ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು.

"ರೀ, ಬೇಗ ಬನ್ನಿ. ತಿಂದ."

"ಯಾರು?"

"ನಮ್ಮ ಸ್ಟೆಪ್ನಿ ಕಣ್ರೀ. ಕಂಡಕ್ಟರ್ ಬಾಯಿ ಹಾಕೋದರೊಳಗೆ ಗುಳುಂ ಮಾಡಿಬಿಟ್ಟ."

ನಮ್ಮ ಸ್ಟೆಪ್ನಿ ಎಂದಳಲ್ಲ, ಡ್ರೈವರಣ್ಣನಿಗೆ ಕಣ್ಣು ಮಂಜಾಯಿತು. ಈ ಸಲ ಕಪ್ಪೆಯ ವಿಷದಿಂದಲ್ಲ. ಆ ವಾರವೇ ಟೈಲರಕ್ಕ ಉಳಿದ ಬಲೆಬಟ್ಟೆಗೆ ಸುತ್ತಲೂ ಬಿಗಿ ಎಲಾಸ್ಟಿಕ್ ಹಾಕಿ ತೊಟ್ಟಿಗೊಂದು ಮುಚ್ಚಳ ಹೊಲಿದಳು. ಕಪ್ಪೆಗಳು ಗಾಜಿನ ಮೂಲೆ ಹತ್ತಿ ಹೊರಗೆ ಬಿದ್ದರೆ ಒಣಗಿ ಹೋಗುತ್ತವಂತೆ, ನರ್ಸಮ್ಮ ಹೇಳಿದ್ದಳು.

ತಿಂಗಳಾದ ಮೇಲೆ ಡಿಪೋದ ಹಳೆಯ ಮೆಕ್ಯಾನಿಕ್ ಪ್ಯಾಂಟು ಹೊಲಿಸಲು ಬಂದ. "ಎಲ್ಲಪ್ಪ ನಿನ್ನ ಕಪ್ಪೆ? ಸೆಲ್ಯೂಟ್ ಹೊಡೆಸು ನೋಡೋಣ."

"ಹೊಡೆಯಲ್ಲ" ಎಂದ ಡ್ರೈವರಣ್ಣ.

"ಯಾಕೆ, ಮರೆತುಬಿಟ್ಟಿತಾ?"

"ಈಗ ನಮ್ಮನ್ನ ಕಂಡ್ರೆ ಅವನಿಗೆ ಭಯ ಇಲ್ಲ" ಎಂದು ಡ್ರೈವರಣ್ಣ ಸ್ನೇಹಿತನಿಗೆ ಸ್ಟೂಲು ಎಳೆದುಕೊಟ್ಟ. "ಕೂತ್ಕೋ. ಸುಮ್ನೆ ನೋಡು."

ಇಬ್ಬರೂ ಕೂತು ನೋಡಿದರು. ಸ್ಟೆಪ್ನಿ ನೀರಿನಲ್ಲಿ ಕಾಲು ಚಾಚಿ ತೇಲುತ್ತಿದ್ದ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಒಂದು ಮಾತು. ಈ ಕಪ್ಪೆಗಳು ಹತ್ತು, ಹದಿನೈದು ವರ್ಷ ಬದುಕುತ್ತವೆ. ಅಷ್ಟು ಕಾಲ ನೋಡಿಕೊಳ್ಳಲು ಆಗುವುದಾದರೆ, ನಿಮ್ಮಲ್ಲಿ ಸಾಕಲು ಅನುಮತಿ ಇದೆಯೇ ಎಂದು ಕೇಳಿಕೊಂಡು, ಆಮೇಲೆ ಮನೆಗೆ ತನ್ನಿ. ಆಗದೆ ಹೋದರೆ ಕೆರೆಗೋ ಹೊಂಡಕ್ಕೋ ಬಿಡಬೇಡಿ. ಸಾಕಬಲ್ಲವರ ಕೈಗೆ ಒಪ್ಪಿಸಿ. ಮನೆಯಲ್ಲಿ ಈಗಾಗಲೇ ಇದ್ದರೆ, ಇವತ್ತೇ ಹೋಗಿ ಆ ಸೋಪಿನ ಬಟ್ಟೆ ದೂರ ಇಡಿ. ಅವನ್ನು ಕೈಗೆತ್ತಿಕೊಳ್ಳುವ ಆಸೆಯಾದಾಗ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತುಬಿಡಿ. ನಿಮ್ಮ ಕಪ್ಪೆ ನಿಮಗೆ ಹೊಟ್ಟೆಯ ಬಣ್ಣ ತೋರಿಸದೆ ನೆಮ್ಮದಿಯಾಗಿ ಬೆನ್ನು ತಿರುಗಿಸಿಕೊಂಡು ಕೂತರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಚೆನ್ನಾಗಿ ಸಾಕುತ್ತಿದ್ದೀರಿ ಎಂದರ್ಥ.