ಶೆಫರ್ಡೋ ಪಾಮೇರಿಯನ್ನೋ

ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದ್ದ ಅಕ್ಕ, ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಒಂದು ಭಾನುವಾರ ತಮ್ಮ ತನ್ನ ಮೊಬೈಲಿನಲ್ಲಿ ಎರಡು ನಾಯಿಮರಿಗಳ ಫೋಟೋ ತೋರಿಸಿ, "ಅಕ್ಕಾ, ಶೆಫರ್ಡ್ ತರೋಣ್ವಾ, ಪಾಮೇರಿಯನ್ನಾ? ನೀನೇ ಹೇಳು" ಅಂದಾಗ ಅವಳ ಮುಖ ಅರಳಿತು.

ಹೊಲಿಯುತ್ತಿದ್ದ ಬಟ್ಟೆ ಬದಿಗಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಈ ಬಿಳೀದು ಮುದ್ದಾಗಿದೆ ಕಣೋ. ದೊಡ್ಡದನ್ನ ತಂದ್ರೆ ಎಲ್ಲಿ ಮಲಗಿಸ್ತೀಯ?"

ತಮ್ಮ ತನ್ನ ಹೆಂಡತಿಯ ಮುಖ ನೋಡಿದ. ಅವಳು ತಲೆಯೆತ್ತದೆ ಬಟ್ಟೆ ಮಡಿಸುತ್ತಿದ್ದಳು. ಸೋಫಾದ ಮೇಲಿದ್ದ ಮಗಳು ಮಾತ್ರ ನಕ್ಕುಬಿಟ್ಟಳು. "ನೋಡಮ್ಮಾ, ನಾನು ಹೇಳ್ಲಿಲ್ವಾ? ದೊಡ್ಡದು ಬಂದ್ರೆ ರೂಮು ಬಿಡ್ಬೇಕಾಗುತ್ತಲ್ಲ, ಅತ್ತೆ ಚಿಕ್ಕದನ್ನೇ ಹೇಳ್ತಾರೆ ಅಂತ!"

ಅಕ್ಕ ಕನ್ನಡಕ ತೆಗೆದಿಟ್ಟಳು. ಕೋಣೆಯ ಮಾತು ಅವಳ ಬೆನ್ನ ಹಿಂದೆ ಆಗಲೇ ಮುಗಿದಿತ್ತು. ಈಗ ಕೇಳಿದ್ದು ಬರೀ ಬಾಯುಪಚಾರಕ್ಕೆ.

"ಹಾಗೇನಿಲ್ಲಕ್ಕಾ," ತಮ್ಮ ತಡವರಿಸಿದ. "ಮೆಟ್ಟಿಲ ಕೆಳಗೂ ಜಾಗ ಚೆನ್ನಾಗೇ ಇದೆ..."

"ಶೆಫರ್ಡೇ ತಗೊಂಡ್ಬಾ. ಮನೆ ಕಾಯೋಕೆ ಅದೇ ವಾಸಿ" ಅಂದಳು. ಯಾರ ಕೈಯನ್ನೂ ಕಾಯದೆ ಮಷೀನನ್ನು ತಾನೇ ಎಳೆದುಕೊಂಡು ಹೋಗಿ ಮೆಟ್ಟಿಲ ಕೆಳಗಿಟ್ಟಳು.

ಮರಿ ಬಂದ ವಾರದಲ್ಲೇ ಕೋಣೆಗೆ ಫ್ಯಾನೂ ಬಂತು. ಎರಡು ಬೇಸಿಗೆ ಅವಳು ಕೇಳಿ ಕೇಳಿ ಸುಮ್ಮನಾಗಿದ್ದ ಫ್ಯಾನು.

"ಪಾಪ, ಮೈತುಂಬ ಕೂದಲು ನೋಡಿ, ಸೆಕೆ ತಡ್ಕೊಳಲ್ಲ" ಎಂದು ತಮ್ಮನ ಹೆಂಡತಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಮೆಟ್ಟಿಲ ಕೆಳಗೆ ಅಕ್ಕ ಕತ್ತಿನ ಬೆವರೊರೆಸಿಕೊಂಡು, ಆ ಮಾತು ಕಿವಿಗೆ ಬೀಳದಷ್ಟು ಜೋರಾಗಿ ಮಷೀನು ತುಳಿದಳು.